ಒಂದು ಗೇಣು ಜಾಸ್ತಿ ಮರ

ಹಳೇ ತೇಗಕ್ಕೆ ಒಂದು ವಾಸನೆಯಿದೆ. ಅದರ ಜೊತೆ ಸುಣ್ಣದ ಗಾರೆಯ ಧೂಳು ಸೇರಿಬಿಟ್ಟರೆ ಮೂಗಿನಲ್ಲಿ ಕೂತಿದ್ದು ಏಳುವುದೇ ಇಲ್ಲ. ಹೋದ ತಿಂಗಳು ಸುಲ್ತಾನ್‌ಪೇಟೆಯ ಅಂಗಡಿಗಳಲ್ಲಿ ಮೊಮ್ಮಗಳ ಮದುವೆಗೆ ಕಾರ್ಡು ನೋಡಿದ ಮೇಲೆ, ಆಟೋದವನು ಹೇಳಿದ ಬಾಡಿಗೆ ನಂಬದೆ ನಡೆದುಕೊಂಡೇ ಚಾಮರಾಜಪೇಟೆಗೆ ಬಂದೆ. ಒಂದು ತಿರುವಿನಲ್ಲಿ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ನೋಡಿದರೆ ಹಿಂದೆ ನಮ್ಮ ಆಫೀಸು ಛಾವಣಿ ಕಟ್ಟಿಸಿಕೊಟ್ಟಿದ್ದ ವಾಚನಾಲಯದ ಹಾಲ್ ಕೆಡವುತ್ತಿದ್ದಾರೆ. ಛಾವಣಿ ಆಗಲೇ ಇಳಿದಿತ್ತು. ಛಾವಣಿ ಹೊತ್ತಿದ್ದ ತೇಗದ ಅಡ್ಡಮರಗಳು, ಅಂದರೆ ಜಂತೆಗಳು, ಫುಟ್‌ಪಾತಿನ ಮೇಲೆ ಅಡ್ಡಾದಿಡ್ಡಿ ರಾಶಿ ಬಿದ್ದಿದ್ದವು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಮರದ ವ್ಯಾಪಾರಿ ಕೂತಿದ್ದ.

"ಬೇಕಾ ಸಾರ್? ಹಳೇ ತೇಗ. ಎಲ್ಲಾ ಒಂದೇ ಅಳತೆ, ಹನ್ನೆರಡಡಿ. ಅಳೆದು ನೋಡೋ ತಾಪತ್ರಯಾನೇ ಇಲ್ಲ," ಅಂದ.

ಅಳೆದು ನೋಡಬೇಕಾಗಿಲ್ಲ ಅನ್ನುವವನನ್ನೇ ಮೊದಲು ಅಳೆದು ನೋಡಬೇಕು ಎನ್ನುವುದು ನನ್ನ ಜಾಯಮಾನ. ಆದರೆ ಆ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ. ಇದೇ ಮಾತನ್ನು ಇದೇ ಮರಗಳ ಬಗ್ಗೆ ಹಿಂದೊಮ್ಮೆ ನಾನೇ ಹೇಳಿದ್ದೆ. ಅದು ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ವರ್ಷ, ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ.

ಅನುಮಾನ ನನಗೆ ಅವ್ವನಿಂದ ಬಂದ ಆಸ್ತಿ. ಅವಳು ತಾರಸಿ ಬಡಿಯುವ ಕೂಲಿಗೆ ಹೋಗುತ್ತಿದ್ದವಳು. ಆಗಿನ ಮದ್ರಾಸ್ ತಾರಸಿ ಅಂದರೆ ಜಂತೆಯ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಹತ್ತು ಹೆಂಗಸರು ಸಾಲಾಗಿ ಕೂತು ಮರದ ಬಡಿಗೆಯಲ್ಲಿ ದಿನಗಟ್ಟಲೆ ಬಡಿಯಬೇಕು. ಬಸವನಗುಡಿಯಲ್ಲಿ ಅವಳು ಬಡಿದ ತಾರಸಿಗಳು ಎಷ್ಟಿದ್ದವೋ, ಆ ತಾರಸಿಯ ಕೆಳಗಿನ ಹಜಾರಕ್ಕೆ ಮಾತ್ರ ಅವಳನ್ನು ಯಾರೂ ಕರೆಯಲಿಲ್ಲ. ಕುಡಿಯುವ ನೀರನ್ನೂ ಮೇಲಿಂದ ಹುಯ್ಯುತ್ತಿದ್ದರು. "ಯಾರಾದ್ರೂ ಸುಮ್‌ಸುಮ್ನೆ ನಕ್ಕು ಮಾತಾಡ್ಸಿದ್ರೆ ಒಂದು ಹೆಜ್ಜೆ ಹಿಂದಕ್ಕೆ ನಿಂತ್ಕೋ ಮಗಾ," ಅನ್ನುತ್ತಿದ್ದಳು. ಅಂಥವಳ ಮಗ ಪಾಲಿಟೆಕ್ನಿಕ್ ಓದಿ, ಡ್ರಾಫ್ಟ್ಸ್‌ಮನ್ ಆಗಿ, ಎತ್ತರದ ಸ್ಟೂಲಿನ ಮೇಲೆ ಕೂತು ಅದೇ ತಾರಸಿಗಳ ನಕ್ಷೆ ಬರೆಯುವಂತಾದ. ಆ ಡ್ರಾಯಿಂಗ್ ಬೋರ್ಡು ನನಗೆ ಬರೀ ಹಲಗೆಯಾಗಿರಲಿಲ್ಲ. ಬೆಳಿಗ್ಗೆ ಬಂದವನೇ ಅದನ್ನು ಒರೆಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ನಮ್ಮ ಇಂಜಿನಿಯರ್ ಶ್ರೀಕಂಠಯ್ಯನವರ ಆಫೀಸು ಚಾಮರಾಜಪೇಟೆಯ ಒಂದು ಮಹಡಿಯ ಮೇಲಿತ್ತು. ಹಳೇ ಮನೆಗಳ ಗೆದ್ದಲು ಹಿಡಿದ ಛಾವಣಿ ಇಳಿಸಿ, ಹಾಗೆಯೇ ಮತ್ತೆ ಕಟ್ಟಿಸಿಕೊಡುವುದರಲ್ಲಿ ಅವರದು ಎತ್ತಿದ ಕೈ. ನಕ್ಷೆ ನಾನು ಬರೆದರೆ, ಮರದ ಕೆಲಸ ಕಾಳಾಚಾರಿಯದು. ಕಾಳಾಚಾರಿ ಕಡ್ಡಿಯಂಥ ಮನುಷ್ಯ, ಮಾತು ಅದಕ್ಕಿಂತ ಸಣ್ಣದು. ಅವನ ಮೇಲೆ ನನಗೊಂದು ಹಳೆಯ ಅನುಮಾನವಿತ್ತು. ನಾನು ಜಂತೆ ಹನ್ನೆರಡಡಿ ಎಂದು ಬರೆದುಕೊಟ್ಟರೆ, ಅವನು ಪ್ರತಿ ಜಂತೆಗೂ ಒಂದು ಗೇಣು ಜಾಸ್ತಿ ಮರ ತರಿಸುತ್ತಿದ್ದ. ಕೆಲಸ ಮುಗಿದ ಮೇಲೆ ತುಂಡುಗಳು ಮಿಗುತ್ತಿದ್ದವು. ತೇಗದ ತುಂಡು, ಸ್ವಾಮಿ! ಮಣೆಯಾಗುತ್ತೆ, ಪೆಟ್ಟಿಗೆಯಾಗುತ್ತೆ. ನಾನು ಸುಮ್ಮನಿರುವ ಗಿರಾಕಿಯಲ್ಲ. ಹೋಗಿ ಯಜಮಾನರ ಕಿವಿಗೆ ಹಾಕಿದೆ.

ಅವತ್ತಿನಿಂದ ಒಂದು ಕಟ್ಟಳೆಯಾಯಿತು. ಪ್ರತಿ ಕೆಲಸದ ತುಂಡುಗಳನ್ನೂ ಕಾಳಾಚಾರಿ ಗೋಣಿಚೀಲದಲ್ಲಿ ಕಟ್ಟಿ ಆಫೀಸಿಗೆ ತಂದು ಒಪ್ಪಿಸಬೇಕು, ಒಂದು ಜಂತೆಗೆ ಒಂದು ತುಂಡಿನಂತೆ ನಾನು ಎಣಿಸಿ ತೆಗೆದುಕೊಳ್ಳಬೇಕು. ಅವನು ಎದುರಾಡಲಿಲ್ಲ. ಚೀಲ ತಂದು ಮೆಟ್ಟಿಲ ಕೆಳಗೆ ಇಳಿಸಿ, "ಎಣಿಸ್ಕೊಳಿ ಸ್ವಾಮಿ," ಅಂದು ತಿರುಗಿ ನೋಡದೆ ಹೋಗುತ್ತಿದ್ದ. ವರ್ಷಗಟ್ಟಲೆ ಹೀಗೆ ನಡೆಯಿತು.

ಆ ಆಷಾಢದಲ್ಲಿ ಕಂಪ್ಯೂಟರ್ ಬಂತು. ಅದಕ್ಕೆ ಒಂದು ಕೋಣೆ, ಕೋಣೆಗೊಂದು ಪರದೆ, ಒಳಗೆ ಏರ್ ಕಂಡೀಷನರ್. ನಮಗೆ ಫ್ಯಾನೂ ಕಿರುಗುಟ್ಟುತ್ತಿತ್ತು, ಅದಕ್ಕೆ ತಂಪು ಗಾಳಿ! ದೇವಸ್ಥಾನದಂತೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಅದರ ಜೊತೆ ಬಂದವಳು ನಳಿನಿ. ಮಲ್ಲೇಶ್ವರದ ಹುಡುಗಿ, ಇಂಜಿನಿಯರಿಂಗ್ ಮುಗಿಸಿದ್ದಳು, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ನಕ್ಷೆ ಬರೆಯುವ ಸಾಫ್ಟ್‌ವೇರಿನೊಳಗೆ ಅವಳೇ ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ಕೋಣೆಯ ಮೂಲೆಗಳನ್ನು ಹೇಳಿದರೆ ಸಾಕು, ಜಂತೆ ಎಷ್ಟು, ಎಲ್ಲೆಲ್ಲಿ, ಕೆಳಗಿನ ಹಲಗೆ ಸೀಲಿಂಗಿಗೆ ಹೊಡೆಯುವ ರೀಪಿನ ಪಟ್ಟಿ ಎಲ್ಲಿ ಎನ್ನುವುದನ್ನೆಲ್ಲ ಅದೇ ಗೀಚಿ ತೋರಿಸುತ್ತದಂತೆ. ನನಗೆ ಎರಡು ದಿನ ಹಿಡಿಯುವ ಕೆಲಸ. ಅವಳು ಗುಂಡಿ ಒತ್ತಿ, ಎದ್ದು ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಇಷ್ಟು ಬೇಗ ಆಗುವ ಕೆಲಸದಲ್ಲಿ ಏನೋ ಮೋಸ ಇರಲೇಬೇಕು ಅನ್ನಿಸಿತು.

ನಮ್ಮಲ್ಲಿ ಮೊದಲು ಮೂರು ಬೋರ್ಡುಗಳಿದ್ದವು. ಕಂಪ್ಯೂಟರ್ ಬಂದ ವಾರದಲ್ಲೇ ಎರಡು ಗೋಡೆಗೆ ಒರಗಿದವು. ನನ್ನದೊಂದು ಉಳಿದಿತ್ತು. ಶ್ರೀಕಂಠಯ್ಯನವರು ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡು ಮುನಿಯಪ್ಪ, ವಾಚನಾಲಯದ ಹಾಲ್ ಬಂದಿದೆ. ಅದನ್ನ ನಡೆಸೋ ಹಿರಿಯರಿಗೆ ಕಾಂಕ್ರೀಟ್ ಬೇಡ್ವಂತೆ, ಹಳೇ ತರಹಾನೇ ಬೇಕಂತೆ. ನೀನು ಕೈಯಲ್ಲಿ ನಕ್ಷೆ ಮಾಡು. ನಳಿನಿ ಮೆಷಿನ್ನಲ್ಲಿ ಮಾಡ್ಲಿ. ಎರಡನ್ನೂ ಆಚಾರಿ ಮುಂದೆ ಇಡೋಣ. ಯಾವುದು ಸರಿ ಅಂತಾನೋ ನೋಡ್ಕೊಂಡು ನಿನ್ನ ಬೋರ್ಡಿನ ವಿಷ್ಯ ಮಾತಾಡೋಣ," ಅಂದರು.

ಮೈಯೆಲ್ಲ ಕಣ್ಣಾಯಿತು ನನಗೆ. ನಳಿನಿ ನನ್ನ ಹಳೇ ನಕ್ಷೆ ಕೇಳಿದರೆ ಬೀಗದ ಕೈ ಸಿಗುತ್ತಿಲ್ಲ ಎನ್ನುತ್ತಿದ್ದೆ. ಬೀಗದ ಕೈ ಜೇಬಿನಲ್ಲೇ ಇರುತ್ತಿತ್ತು. ಅವಳೋ ಬಿಡುವವಳಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ನೋಟ್‌ಪುಸ್ತಕ ಹಿಡಿದು ಬಂದು ನಿಲ್ಲುತ್ತಿದ್ದಳು.

"ಸರ್, ಜಂತೆ ಯಾವ ಗೋಡೆಯಿಂದ ಶುರು ಮಾಡ್ತೀರ?"

"ಬಾಗಿಲ ಕಡೆಯಿಂದ."

"ಎರಡರ ಮಧ್ಯೆ ಒಂದೂವರೆ ಅಡಿ ದಾಟಬಾರದು, ಅಲ್ವಾ? ಬೇರೇನಾದ್ರೂ ನಿಯಮ ಇದೆಯಾ ಸರ್?"

"ಏನೂ ಇಲ್ಲ. ಅಷ್ಟೇ."

ಇತ್ತು. ದೊಡ್ಡದೇ ಇತ್ತು. ನಮ್ಮ ಕಡೆ ಬಡಗಿಗಳು ಜಂತೆಯನ್ನು ಒಂದು, ಎರಡು, ಮೂರು ಎಂದು ಎಣಿಸುವುದಿಲ್ಲ. ಇಂದ್ರ, ಯಮ, ರಾಜ ಎಂದು ಎಣಿಸುತ್ತಾರೆ. ಮತ್ತೆ ಇಂದ್ರ, ಯಮ, ರಾಜ. ಕೊನೆಯ ಜಂತೆ ಇಂದ್ರನಿಗೋ ರಾಜನಿಗೋ ಬಂದರೆ ಸರಿ. ಯಮನಿಗೆ ಬಂದರೆ ಯಾವ ಆಚಾರಿಯೂ ಮರಕ್ಕೆ ಉಳಿ ಹಚ್ಚುವುದಿಲ್ಲ. ಇದು ಯಾವ ಇಂಜಿನಿಯರಿಂಗ್ ಪುಸ್ತಕದಲ್ಲೂ ಇರಲಿಲ್ಲ. ನನ್ನ ಕೈಯಲ್ಲಿದ್ದ ತುರುಪು ಅದೊಂದೇ. ಅವಳು ಬರೆದುಕೊಂಡು, "ಥ್ಯಾಂಕ್ಸ್ ಸರ್," ಎಂದು ನಕ್ಕು ಹೋದಳು. ನಕ್ಕಿದ್ದು ಯಾಕೆ ಎಂದು ಅವತ್ತೆಲ್ಲ ಯೋಚಿಸಿದೆ.

ಹಾಲ್ ಅಳೆಯಲು ಇಬ್ಬರೂ ಒಂದೇ ದಿನ ಹೋದೆವು. ಜಿನುಗು ಮಳೆ, ಕಿಟಕಿ ಕಿತ್ತು ಹೋಗುವಂಥ ಗಾಳಿ. ನಾನು ಬಾಗಿಲ ಹತ್ತಿರ ಅಗಲ ಹಿಡಿದೆ, ಹನ್ನೆರಡಡಿ. ಉದ್ದ ಹಿಡಿದೆ, ಮೂವತ್ತೇಳು. ಮುಗಿಯಿತು. ಅವಳು ಮೇಸ್ತ್ರಿಯ ಕೈಗೆ ಟೇಪಿನ ತುದಿ ಕೊಟ್ಟು ಈ ಗೋಡೆ, ಆ ಗೋಡೆ, ಮೂಲೆಯಿಂದ ಮೂಲೆಗೆ, ಮತ್ತೆ ಇನ್ನೆರಡು ಮೂಲೆಗೆ ಎಂದು ಓಡಾಡಿಸಿದಳು.

"ಏನಮ್ಮಾ, ಜಮೀನು ಸರ್ವೆನಾ?" ಅಂದೆ.

"ಮೆಷಿನ್ನಿಗೆ ನಾಲ್ಕು ಮೂಲೇನೂ ಬೇಕು ಸರ್. ಅದು ನಮ್ಮ ಥರ ಅಂದಾಜು ಮಾಡಲ್ಲ."

ನಮ್ಮ ಥರ ಅಂದರೆ ಯಾರ ಥರ? ನನಗೇ ಅಂದದ್ದು ಎಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನಕ್ಷೆಗಳನ್ನು ಆಚಾರಿಯ ಮುಂದೆ ಇಟ್ಟ ದಿನ ಬೆಳಿಗ್ಗೆ ಶ್ರೀಕಂಠಯ್ಯನವರು ಬಂದಿರಲಿಲ್ಲ. ಯಾವುದು ಆಯ್ತು ಅಂತ ಮಧ್ಯಾಹ್ನ ಹೇಳಿ ಎಂದಿದ್ದರು. ಹಾಲ್‌ನ ನೆಲದ ಮೇಲೆ ನಾನು ನನ್ನ ಟ್ರೇಸಿಂಗ್ ಹಾಳೆ ಹರಡಿದೆ. ಪಕ್ಕದಲ್ಲಿ ನಳಿನಿ ತನ್ನದನ್ನು ಹರಡಿದಳು. ಪ್ರಿಂಟರಿನಿಂದ ಬಂದ ಪಟ್ಟಿಗಳನ್ನು ಗೋಂದು ಹಾಕಿ ಅಂಟಿಸಿ ಹಾಳೆ ಮಾಡಿದ್ದಳು. ಕಾಳಾಚಾರಿ ಕುಕ್ಕರಗಾಲಿನಲ್ಲಿ ಕೂತು ಮೊದಲು ಅವಳ ಹಾಳೆಯ ಮೇಲೆ ಬೆರಳಿಟ್ಟ. ಇಂದ್ರ, ಯಮ, ರಾಜ. ಇಂದ್ರ, ಯಮ, ರಾಜ. ಬೆರಳು ಇಪ್ಪತ್ತಾರನೆಯದಕ್ಕೆ ಬಂದು ನಿಂತಿತು.

"ಯಮ," ಅಂದ. "ಇದಾಗಲ್ಲ ತಾಯಿ."

ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ನನಗೆ, ಸುಳ್ಳು ಯಾಕೆ ಹೇಳಲಿ. ನಳಿನಿಗೆ ಏನೂ ಅರ್ಥವಾಗಲಿಲ್ಲ. ಕಾಳಾಚಾರಿಯೇ ಎರಡು ಮಾತಿನಲ್ಲಿ ಪದ್ಧತಿ ಹೇಳಿದ. ಅವಳು ನನ್ನ ಮುಖ ನೋಡಿದಳು.

"ನಿಮಗೆ ಗೊತ್ತಿತ್ತಲ್ವಾ ಸರ್? ನಾನು ಕೇಳಿದ್ದೆ."

ನಾನು ಕಿಟಕಿಯ ಕಡೆ ನೋಡಿದೆ. ಕಾಳಾಚಾರಿ ಈಗ ನನ್ನ ಹಾಳೆ ಎಣಿಸಿದ. ಇಪ್ಪತ್ತೇಳು, ರಾಜ. ತಲೆಯಾಡಿಸಿದ. ಆಮೇಲೆ ಮತ್ತೆ ಅವಳ ಹಾಳೆ ಎಳೆದುಕೊಂಡು, ಪ್ರತಿ ಜಂತೆಯ ಪಕ್ಕದಲ್ಲಿದ್ದ ಉದ್ದದ ಅಂಕಿಗಳನ್ನು ಒಂದೊಂದಾಗಿ ಓದಿದ. ಎದ್ದು ಹೋಗಿ ತನ್ನ ಅಳತೆಕೋಲಿನಿಂದ ಹಾಲ್‌ನ ಎರಡೂ ತುದಿ ಹಿಡಿದು ಬಂದ.

"ಎಣಿಕೆ ನಿಮ್ದು ಸರಿ ಸ್ವಾಮಿ. ಉದ್ದ ಈ ತಾಯೀದು ಸರಿ," ಅಂದ. "ಇದು ಬಾಗಿಲ ಕಡೆ ಹನ್ನೆರಡಡಿ, ಆ ಕೊನೇಲಿ ಐದಿಂಚು ಜಾಸ್ತಿ. ಗೋಡೆ ಓರೆ. ಒಂದೊಂದು ಜಂತೆನೂ ಒಂದೊಂದು ಉದ್ದ ಬರುತ್ತೆ. ಇದರಲ್ಲಿ ಹಂಗೇ ಬರೆದವ್ರೆ. ನೀವು ಎಲ್ಲಾ ಹನ್ನೆರಡಡಿ ಅಂತ ಬರೆದಿದೀರಿ. ಯಾವಾಗ್ಲೂ ಹಂಗೇ ಅಲ್ವಾ ನೀವು ಬರೆಯೋದು."

"ಯಾವಾಗ್ಲೂ ಅಂದ್ರೆ?"

"ಹಳೇ ಮನೆ ಯಾವುದು ಸ್ವಾಮಿ ಮೂಲೆಮಟ್ಟಕ್ಕೆ ಇರುತ್ತೆ? ನಿಮ್ಮ ನಕ್ಷೇಲಿ ಎಲ್ಲಾ ಚೌಕ. ಅದ್ಕೇ ನಾನು ಒಂದು ಗೇಣು ಜಾಸ್ತಿ ತರ್ಸೋದು. ಗೋಡೆ ನೋಡ್ಕೊಂಡು ಕೊಯ್ತೀನಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ, ತಪ್ಪು ಅವನದೇ ಎನ್ನುವ ಹಾಗೆ.

"ಹೇಳಿದ್ರೆ ನಂಬ್ತಿದ್ರಾ?" ಅಂದ. "ಮರ ಹೊಡಿಯೋಕೆ ನೆಪ ಹೇಳ್ತಾನೆ ಅಂತಿದ್ರಿ."

ಅಂತಿದ್ದೆ. ಖಂಡಿತ ಅಂತಿದ್ದೆ. ಊರಿನವರ ಟೇಪು, ಊರಿನವರ ಲೆಕ್ಕ, ಊರಿನವರ ನಗು ಎಲ್ಲವನ್ನೂ ಅನುಮಾನಿಸಿದವನು ನನ್ನ ಕೈಯ ಟೇಪನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ಅದು ನನ್ನನ್ನು ನೋಡಿಯೇ ಹೇಳಿದ್ದಿರಬೇಕು.

ಆಫೀಸಿಗೆ ವಾಪಸು ನಡೆಯುವಾಗ ನಳಿನಿ ನನಗಿಂತ ಹತ್ತು ಹೆಜ್ಜೆ ಮುಂದೆಯೇ ಹೋಗುತ್ತಿದ್ದಳು. ಹೋದ ತಕ್ಷಣ ಎಲ್ಲ ಒದರುತ್ತಾಳೆ ಎಂದುಕೊಂಡೆ. ಜಂತೆಯ ನಿಯಮ ಮುಚ್ಚಿಟ್ಟಿದ್ದು, ನಕ್ಷೆಗಳೆಲ್ಲ ತಪ್ಪಿದ್ದು, ಎರಡನ್ನೂ ಹೇಳಿದರೆ ನನ್ನ ಬೋರ್ಡು ಅವತ್ತೇ ಗೋಡೆಗೆ. ಮಧ್ಯಾಹ್ನ ಶ್ರೀಕಂಠಯ್ಯನವರು ಬಂದು ಕೂತು, "ಏನಾಯ್ತು?" ಅಂದರು.

ನಳಿನಿ ಎದ್ದು ನಿಂತಳು. "ನಂದು ಎಣಿಕೆ ತಪ್ಪಿತ್ತು ಸರ್. ಯಮಕ್ಕೆ ಬಂದಿತ್ತಂತೆ. ಮುನಿಯಪ್ಪ ಸರ್ ಎಣಿಕೆ ಸರಿ ಇತ್ತು."

ಅಷ್ಟೇ ಹೇಳಿ ಕೂತುಬಿಟ್ಟಳು. ಉದ್ದದ ಮಾತೇ ಎತ್ತಲಿಲ್ಲ.

ಶ್ರೀಕಂಠಯ್ಯನವರು ಮೇಜು ಕುಟ್ಟಿ ನಕ್ಕರು. "ಅದ್ಕೇ ಹೇಳೋದು, ಮೆಷಿನ್ನು ಮೆಷಿನ್ನೇ. ಮುನಿಯಪ್ಪ, ನಿನ್ನ ಬೋರ್ಡು ಎಲ್ಲೂ ಹೋಗಲ್ಲ ಕಣಯ್ಯ."

ಗೆದ್ದೆ. ಆದರೂ ನನ್ನ ಬುದ್ಧಿ ನೋಡಿ, ಇವಳು ಯಾಕೆ ಬಿಟ್ಟಳು, ಇದರಲ್ಲಿ ಏನು ಮಸಲತ್ತು, ಬೆಳ್ಳಗಿರೋದೆಲ್ಲ ಹಾಲಲ್ಲ ಎಂದೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಧೊಪ್ಪೆಂದು ಸದ್ದು ಬಂತು. ಆ ವಾರ ಬಸವನಗುಡಿಯ ಒಂದು ಮನೆಯ ಛಾವಣಿ ಮುಗಿದಿತ್ತು. ಕಾಳಾಚಾರಿ ಅದರ ತುಂಡುಗಳ ಚೀಲ ತಂದಿದ್ದ.

"ಎಣಿಸ್ಕೊಳಿ ಸ್ವಾಮಿ," ಎನ್ನುವ ಅದೇ ದನಿ ಕೇಳಿಸಿತು.

"ಹೋಗಪ್ಪ ಮುನಿಯಪ್ಪ, ಎಣಿಸಿ ತಗೋ," ಅಂದರು ಶ್ರೀಕಂಠಯ್ಯನವರು, ಫೈಲಿನಿಂದ ತಲೆ ಎತ್ತದೆ.

ಇಳಿದು ಹೋದೆ. ಕಾಳಾಚಾರಿ ಆಗಲೇ ಗೇಟು ದಾಟಿದ್ದ. ಚೀಲ ಬಗ್ಗಿಸಿ ತುಂಡುಗಳನ್ನು ನೆಲಕ್ಕೆ ಸುರಿದೆ. ಯಾವತ್ತೂ ಎಣಿಸಿ ಚೀಲಕ್ಕೆ ಹಾಕುತ್ತಿದ್ದೆನೇ ಹೊರತು ಒಂದರ ಪಕ್ಕ ಒಂದು ಇಟ್ಟು ನೋಡಿದವನಲ್ಲ. ಅವತ್ತು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟೆ. ಮೊದಲನೆಯದು ಪೂರ್ತಿ ಗೇಣು. ಆಮೇಲಿನದು ಒಂದು ಕೂದಲೆಳೆ ಚಿಕ್ಕದು. ಆಮೇಲಿನದು ಇನ್ನಷ್ಟು ಚಿಕ್ಕದು. ಕೊನೆಯದು ನಾಲ್ಕು ಬೆರಳು. ನನ್ನ ನಕ್ಷೆಯ ತಪ್ಪು ಇಂಚಿಂಚಾಗಿ ಮೆಟ್ಟಿಲ ಕೆಳಗೆ ಸಾಲಾಗಿ ಕೂತಿತ್ತು. ಎಷ್ಟು ಚೀಲ ಎಣಿಸಿದ್ದೆನೋ! ಕಳ್ಳತನದ ಸಾಕ್ಷಿ ಎಂದು ನಾನು ತರಿಸಿಟ್ಟುಕೊಂಡದ್ದು ನನ್ನ ಸಾಕ್ಷಿಯೇ ಆಗಿತ್ತು. ನಾಚಿಕೆಯಾಯಿತು. ಅವ್ವನಿಗೆ ಮೇಲಿಂದ ನೀರು ಹುಯ್ದವರ ಮೇಲೆ ನನಗೆಷ್ಟು ಸಿಟ್ಟಿತ್ತೋ, ನಾನೂ ಒಬ್ಬನನ್ನು ವರ್ಷಗಟ್ಟಲೆ ಅದೇ ಹೊಸ್ತಿಲಾಚೆ ನಿಲ್ಲಿಸಿದ್ದೆ. ಕೂತು ಅತ್ತೆ ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಅತ್ತೆ.

ನಳಿನಿ ಬಾಯಿ ಬಿಡುವುದಿಲ್ಲ, ಕಾಳಾಚಾರಿಯಂತೂ ಬಿಡುವುದೇ ಇಲ್ಲ. ನಾನು ಸುಮ್ಮನಿದ್ದರೆ ಬೋರ್ಡು ಉಳಿಯುತ್ತದೆ, ಚೀಲವೂ ಉಳಿಯುತ್ತದೆ. ಮೇಲೆ ಹತ್ತಿ ಹೋದೆ.

"ಸರ್, ಆ ಚೀಲದ ಕಟ್ಟಳೆ ತೆಗೆದುಬಿಡಿ."

"ಯಾಕಯ್ಯ? ಅವನ ಮೇಲೆ ಈಗ ನಂಬಿಕೆ ಬಂತಾ ನಿಂಗೆ?"

"ನನ್ನ ನಕ್ಷೆ ತಪ್ಪು ಸರ್. ಉದ್ದ ಯಾವತ್ತೂ ಸರಿ ಇರ್ಲಿಲ್ಲ. ಅಗಲ ಒಂದೇ ಕಡೆ ಹಿಡೀತಿದ್ದೆ. ಅದನ್ನ ಮುಚ್ಚಾಕೋಕೆ ಆಚಾರಿ ಗೇಣು ಜಾಸ್ತಿ ತರ್ಸೋನು. ಈ ಹಾಲ್‌ನಲ್ಲೂ ಎಣಿಕೆ ಮಾತ್ರ ನಂದು. ಉದ್ದ ನಳಿನಿಯವ್ರದೇ ಸರಿ."

ಅವರು ಕನ್ನಡಕ ತೆಗೆದಿಟ್ಟರು. "ಎಷ್ಟು ದಿವಸದಿಂದ?"

"ನಾನು ಸೇರಿದಾಗಿಂದ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಸೋಮವಾರ ನಾನು ಬರುವಷ್ಟರಲ್ಲಿ ನನ್ನ ಬೋರ್ಡು ಗೋಡೆಗೆ ಒರಗಿತ್ತು. ಮೇಜಿನ ಮೇಲೆ ಒಂದು ಹೊಸ ಸ್ಟೀಲ್ ಟೇಪು ಇಟ್ಟಿದ್ದರು. ಇನ್ನು ಮೇಲೆ ಸೈಟಿಗೆ ಹೋಗಿ ನಾಲ್ಕು ಮೂಲೆಯೂ ಅಳೆದು ನಳಿನಿಗೆ ತಂದುಕೊಡುವುದು ನನ್ನ ಕೆಲಸ. ಸ್ಟೂಲಿನಿಂದ ಇಳಿಸಿ ಮತ್ತೆ ಧೂಳಿಗೆ ಕಳಿಸಿದರಲ್ಲ ಎಂದು ಸಂಕಟಪಟ್ಟೆ. ಬಳೇಪೇಟೆಯಿಂದ ತಂದಿಟ್ಟಿದ್ದ ಹೊಸ ನಿಬ್ಬುಗಳನ್ನು ಡಬ್ಬಿ ಸಮೇತ ಮನೆಗೆ ಒಯ್ದೆ.

ನಳಿನಿ ಆ ವಾರವೇ ಪ್ರೋಗ್ರಾಮಿನೊಳಗೆ ಇಂದ್ರ, ಯಮ, ರಾಜರನ್ನು ಕೂರಿಸಿದಳು. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಸರ್ ಎಂದು ಕರೆದು ತೋರಿಸಿದಳು. ಪರದೆಯ ಮೇಲೆ ಹಸಿರು ಗೆರೆಗಳು ಒಂದೊಂದಾಗಿ ಮೂಡಿ ಇಪ್ಪತ್ತೇಳಕ್ಕೆ ನಿಂತವು.

"ಇನ್ನೇನಾದ್ರೂ ಹೇಳೋದು ಉಳ್ಕೊಂಡಿದೆಯಾ ಸರ್?"

"ಇಲ್ಲ," ಅಂದೆ. ಇನ್ನೂ ನಾಲ್ಕಿದ್ದವು. ಹುಟ್ಟುಗುಣ ಎಲ್ಲಿ ಹೋಗುತ್ತೆ? ಒಂದೊಂದಾಗಿ ದೀಪಾವಳಿಯ ಹೊತ್ತಿಗೆ ಎಲ್ಲ ಹೇಳಿ ಮುಗಿಸಿದೆ. ಅವತ್ತು ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಅವಳನ್ನು ಕೇಳುವ ಧೈರ್ಯ ಮಾತ್ರ ಕೊನೆಗೂ ಬರಲಿಲ್ಲ.

ಕಾಳಾಚಾರಿ ಆ ಮೇಲೆ ಅಳತೆಗೆ ತಕ್ಕಷ್ಟೇ ಮರ ತರಿಸಿದ. ಚೀಲ ನಿಂತಿತು. ಅವನ ಹತ್ತಿರ ತಪ್ಪಾಯ್ತು ಎನ್ನಬೇಕೆಂದು ಎಷ್ಟೋ ಸಲ ಹೋದೆ. ಅವನು ಎಲೆಅಡಿಕೆ ಮುಂದೆ ಮಾಡುತ್ತಿದ್ದ, ನಾನು ಹಾಕಿಕೊಳ್ಳುತ್ತಿದ್ದೆ, ಬಾಯಿ ತುಂಬಿಕೊಂಡು ಏನು ಹೇಳಲಿ? ಹಾಗೇ ವರ್ಷಗಳಾದವು. ಅವನು ಹೋದ ಸುದ್ದಿ ನನಗೆ ಗೊತ್ತಾದದ್ದು ತಿಥಿಯೂ ಮುಗಿದ ಮೇಲೆ.

ಈಗ ಫುಟ್‌ಪಾತಿನ ಮೇಲೆ ಅವನು ಕೊಯ್ದ ಜಂತೆಗಳು ಬಿದ್ದಿದ್ದವು. ನಾನು ವ್ಯಾಪಾರಿಗೆ, "ಎಲ್ಲಾ ಒಂದೇ ಅಳತೆ ಅಂತ ಯಾರಪ್ಪ ಹೇಳಿದ್ದು? ಒಂದು ತುದಿ ಸಮ ಮಾಡಿ ಸಾಲಾಗಿ ಜೋಡಿಸು, ನೋಡೋಣ," ಅಂದೆ. ಮುದುಕ ಕೊಳ್ಳುತ್ತಾನೇನೋ ಎಂಬ ಆಸೆಗೆ ಅವನು ಕೆಲಸದವರಿಗೆ ಹೇಳಿ ಜೋಡಿಸಿದ. ಪ್ರತಿ ಜಂತೆಯ ತುದಿಯಲ್ಲೂ ಉಳಿಯಲ್ಲಿ ಕೆತ್ತಿದ ಅಂಕಿಯಿತ್ತು. ಅದರ ಪ್ರಕಾರ ಇಡಿಸಿದೆ. ಇಂದ್ರ, ಯಮ, ರಾಜ ಎಂದು ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೇಳಕ್ಕೆ ರಾಜ. ಈ ತುದಿ ನೇರ ನಿಂತಿತು. ಆ ತುದಿ ಒಂದನೆಯದರಿಂದ ಕೊನೆಯದರ ತನಕ ಒಂದೇ ಓರೆಯಲ್ಲಿ, ಗೆರೆ ಎಳೆದ ಹಾಗೆ ಸಾಗಿತ್ತು. ಅಂಥ ಗೆರೆಯನ್ನು ನಾನು ಬೋರ್ಡಿನ ಮೇಲೆ ಯಾವತ್ತೂ ಎಳೆದವನಲ್ಲ.

ವ್ಯಾಪಾರಿ ಎದ್ದು ಬಂದು ನೋಡಿ ಹಣೆ ಚಚ್ಚಿಕೊಂಡ. "ಥತ್! ಈ ಕಡೇವೆಲ್ಲಾ ಗಿಡ್ಡ. ತುದಿ ಕೊಯ್ದು ಹೊಡ್ಕೊಂಡಿದಾನೆ ನೋಡಿ ಸಾರ್ ಬಡಗಿ. ಆ ಕಾಲದಿಂದ್ಲೂ ಕಳ್ಳ್ ನನ್ಮಕ್ಳೇ."

"ಆಚಾರಿ ಕದ್ದಿಲ್ಲ," ಅಂದೆ. "ಅಳತೆ ತಪ್ಪಿದ್ದು ನಾನು."

ದನಿ ಜೋರಾಗಿತ್ತೇನೋ. ಗೋಡೆಯ ಮೇಲೆ ಹಾರೆ ಹಿಡಿದು ನಿಂತಿದ್ದವರೂ ಕೆಲಸ ನಿಲ್ಲಿಸಿ ಕೆಳಗೆ ನೋಡಿದರು.